ಬಣ್ಣ ಬಂದ ಮಾತ್ರಕ್ಕೆ ಮಾತ್ರೆ ಪಾಸಾಯಿತೇ?

1937ರಲ್ಲಿ ಅಮೆರಿಕದಲ್ಲಿ ಸಲ್ಫನಿಲಮೈಡ್ ಎಂಬ ಸೋಂಕುನಿವಾರಕ ಔಷಧ ಸಿರಪ್ ರೂಪದಲ್ಲಿ ಮಾರುಕಟ್ಟೆಗೆ ಬಂತು. ಪುಡಿ ನೀರಿನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲವೆಂದು ಅದನ್ನು ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿದ್ದರು. ಮೂತ್ರಪಿಂಡವನ್ನು ಕೆಡಿಸುವ ಆ ದ್ರಾವಕದಿಂದ ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. 1939ರಲ್ಲಿ ಬ್ರಾಟನ್ ಮತ್ತು ಮಾರ್ಷಲ್ ಎಂಬ ಸಂಶೋಧಕರು ಇದೇ ಸಲ್ಫನಿಲಮೈಡನ್ನು ಅಳೆಯಲು ಒಂದು ಸೊಗಸಾದ ಬಣ್ಣದ ಕ್ರಿಯೆಯನ್ನು ಪ್ರಕಟಿಸಿದರು. ಇಂದಿಗೂ ಅದು ಅಗ್ಗದ ಪ್ರಯೋಗಾಲಯಗಳ ನೆಚ್ಚಿನ ವಿಧಾನ. ಆ ವಿಷದ ಸಿರಪ್ಪಿನ ಒಂದು ಹನಿಯನ್ನು ಈ ಪರೀಕ್ಷೆಗೆ ಒಡ್ಡಿದ್ದರೆ ಕೊಳವೆಯಲ್ಲಿ ಗಾಢ ಗುಲಾಬಿ ಬಣ್ಣ ಮೂಡುತ್ತಿತ್ತು, ಬಾಟಲಿ ಪಾಸಾಗುತ್ತಿತ್ತು. ಔಷಧಾಂಶಕ್ಕೇನೂ ಅದರಲ್ಲಿ ಕೊರತೆಯಿರಲಿಲ್ಲವಲ್ಲ!

ಬಣ್ಣದ ಪರೀಕ್ಷೆಗಳ ಬಗ್ಗೆ ಮಾತಾಡುವಾಗ ಈ ಬಾಟಲಿಯನ್ನು ಕಣ್ಣೆದುರು ಇಟ್ಟುಕೊಳ್ಳುವುದು ಒಳ್ಳೆಯದು. ಕೇಳಿದ ಪ್ರಶ್ನೆಗೆ ಬಣ್ಣ ಪ್ರಾಮಾಣಿಕವಾಗಿ ಉತ್ತರಿಸುತ್ತದೆ. ಕೇಳದೇ ಬಿಟ್ಟದ್ದನ್ನು ತಾನಾಗಿ ಹೇಳುವುದಿಲ್ಲ.

ವಿಷಯ ಹಳೆಯದಾದರೂ ಸಮಸ್ಯೆ ಇವತ್ತಿನದು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತರಲ್ಲಿ ಒಂದು ವೈದ್ಯಕೀಯ ಉತ್ಪನ್ನ ಕಳಪೆ ಅಥವಾ ನಕಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. 2022ರ ಅಕ್ಟೋಬರ್‌ನಲ್ಲಿ ಗ್ಯಾಂಬಿಯಾದ ಮಕ್ಕಳ ಸಾವಿನ ನಂತರ ಅದೇ ಸಂಸ್ಥೆ ನಾಲ್ಕು ಸಿರಪ್‌ಗಳ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ಸಿಕ್ಕಿಬಿದ್ದದ್ದು ಮತ್ತೆ ಡೈಎಥಿಲೀನ್ ಗ್ಲೈಕಾಲ್ ಮತ್ತು ಅದರ ಸೋದರ ಎಥಿಲೀನ್ ಗ್ಲೈಕಾಲ್. ಮಿಶ್ರಣವನ್ನು ಬೇರ್ಪಡಿಸಿ ಇಂಥವನ್ನೆಲ್ಲ ಹಿಡಿಯುವ ಎಚ್‌ಪಿಎಲ್‌ಸಿ, ಗ್ಯಾಸ್ ಕ್ರೊಮ್ಯಾಟೊಗ್ರಾಫ್‌ನಂಥ ಯಂತ್ರಗಳಿಗೆ ಶುದ್ಧ ದ್ರಾವಕ ಅಥವಾ ಅನಿಲ, ಕಾಲಂ, ಅಡಚಣೆಯಿಲ್ಲದ ವಿದ್ಯುತ್, ತರಬೇತಾದ ಕೈ ಎಲ್ಲವೂ ಬೇಕು. ಅವು ಇರುವುದು ಕೆಲವೇ ಕಡೆ, ಪರೀಕ್ಷಿಸಬೇಕಾದ ಬ್ಯಾಚ್‌ಗಳು ಸಾವಿರಾರು. ಈ ಅಂತರದಲ್ಲಿ ಬಣ್ಣದ ಪರೀಕ್ಷೆಗೆ ಜಾಗವಿದೆ: ಯಾವ ಮಾದರಿಯನ್ನು ದೊಡ್ಡ ಯಂತ್ರಕ್ಕೆ ಮೊದಲು ಕಳಿಸಬೇಕು ಎಂದು ಆರಿಸಿಕೊಡುವ ಕೆಲಸ.

ಬಣ್ಣ ನೋಡುವುದು ಅಣುವಿನ ಒಂದು ತುಂಡನ್ನು ಮಾತ್ರ

ಹೆಚ್ಚಿನ ಔಷಧಗಳು ಬಿಳಿ ಪುಡಿಗಳು. ಅವುಗಳ ಅಣುವಿನಲ್ಲಿರುವ ಪರಮಾಣುಗಳ ಒಂದು ನಿರ್ದಿಷ್ಟ ಗುಂಪನ್ನು ಯಾವುದಾದರೂ ಕಾರಕ (ಪರೀಕ್ಷೆಗೆ ಬೆರೆಸುವ ರಾಸಾಯನಿಕ) ಹಿಡಿದುಕೊಂಡಾಗ ಬಣ್ಣ ಹುಟ್ಟುತ್ತದೆ. ಸಲ್ಫನಿಲಮೈಡ್‌ನಂಥ ಸಲ್ಫಾ ಔಷಧಗಳಲ್ಲಿ ಅದು ಬೆಂಜೀನ್ ಉಂಗುರಕ್ಕೆ ಅಂಟಿದ ಅಮೈನ್. ಕ್ಷಯದ ಔಷಧ ಐಸೋನಿಯಾಜಿಡ್‌ನಲ್ಲಿ ಹೈಡ್ರಜೈಡ್ ಗುಂಪು. ಆಮ್ಲದಲ್ಲಿ ವೆನಿಲಿನ್ ಜತೆ ಸೇರಿ ಅದು ಹಳದಿಯಾಗುತ್ತದೆ. ಪ್ಯಾರಾಸಿಟಮಾಲ್‌ನ ಫೀನಾಲ್ ಗುಂಪು ಫೆರಿಕ್ ಕ್ಲೋರೈಡ್ ಜತೆ ನೀಲಿ-ನೇರಳೆಗೆ ತಿರುಗುತ್ತದೆ. ಅಂದರೆ ಪರೀಕ್ಷೆ ಗುರುತಿಸುವುದು ಮುಖವನ್ನಲ್ಲ, ತೊಟ್ಟ ಅಂಗಿಯನ್ನು. ಅದೇ ಅಂಗಿ ತೊಟ್ಟ ಬೇರೊಬ್ಬ ಬಂದರೂ ಬಾಗಿಲು ತೆರೆಯುತ್ತದೆ. ಬೆಂಜೊಕೇನ್, ಪ್ರೊಕೇನ್ ಎಂಬ ಮರಗಟ್ಟಿಸುವ ಔಷಧಗಳು ಸಲ್ಫಾ ಪರೀಕ್ಷೆಯಲ್ಲಿ ಯಾವ ಹಿಂಜರಿಕೆಯೂ ಇಲ್ಲದೆ ಗುಲಾಬಿಯಾಗುತ್ತವೆ.

ಹಾಗಾಗಿ ಯಾವ ಗುಂಪನ್ನು ನೋಡಬೇಕು ಎಂಬ ಆಯ್ಕೆಯಲ್ಲೇ ಅರ್ಧ ಜಾಣ್ಮೆಯಿದೆ. ಅಮಾಕ್ಸಿಸಿಲಿನ್ ತೇವಾಂಶಕ್ಕೆ ಕೆಟ್ಟಾಗ ಮೊದಲು ಒಡೆಯುವುದು ಅದರ ಬೀಟಾ-ಲ್ಯಾಕ್ಟಮ್ ಉಂಗುರ. ಉಂಗುರ ಒಡೆದರೆ ಔಷಧ ಸತ್ತಂತೆ. ಅಣುವಿನ ಇನ್ನೊಂದು ತುದಿಯಲ್ಲಿರುವ ಫೀನಾಲ್ ಅಥವಾ ಅಮೈನನ್ನು ನೋಡುವ ಪರೀಕ್ಷೆಗೆ ಈ ಸಾವು ಕಾಣುವುದೇ ಇಲ್ಲ, ಕೆಟ್ಟ ಕ್ಯಾಪ್ಸೂಲೂ ಭರ್ಜರಿಯಾಗಿ ಬಣ್ಣ ಕೊಡುತ್ತದೆ. ಆದರೆ ಹೈಡ್ರಾಕ್ಸಿಲಮೈನ್ ವಿಧಾನ ಉಂಗುರದ ಮೇಲೆಯೇ ಕೈ ಹಾಕುತ್ತದೆ: ಹೈಡ್ರಾಕ್ಸಿಲಮೈನ್ ಉಂಗುರವನ್ನು ತೆರೆದು ಹೈಡ್ರಾಕ್ಸಾಮಿಕ್ ಆಮ್ಲ ಮಾಡುತ್ತದೆ, ಅದಕ್ಕೆ ಆಮ್ಲೀಯ ಫೆರಿಕ್ ಲವಣ ಹಾಕಿದರೆ ಕೆಂಪು-ನೇರಳೆ. ಮೊದಲೇ ಒಡೆದಿದ್ದರೆ ಬಣ್ಣವಿಲ್ಲ. ಒಂದೇ ಔಷಧ, ಎರಡು ಬಣ್ಣದ ಪರೀಕ್ಷೆ. ಒಂದು ಹೆಸರು ಹೇಳುತ್ತದೆ, ಇನ್ನೊಂದು ಜೀವ ಇದೆಯೇ ಹೇಳುತ್ತದೆ.

ಆಸ್ಪಿರಿನ್ ಇದರ ತದ್ವಿರುದ್ಧ. ಕೆಡದ ಆಸ್ಪಿರಿನ್ ಫೆರಿಕ್ ಕ್ಲೋರೈಡ್‌ಗೆ ಸೊಪ್ಪು ಹಾಕುವುದಿಲ್ಲ, ಕೆಟ್ಟು ಸ್ಯಾಲಿಸಿಲಿಕ್ ಆಮ್ಲವಾದಾಗಲೇ ನೇರಳೆ. ಇಲ್ಲಿ ಬಣ್ಣ ಬಂದರೆ ಫೇಲ್. ಈ ಪರೀಕ್ಷೆ ಹಾಳಾಗುವುದು ಹೆಚ್ಚಾಗಿ ಕ್ಷಾರದಿಂದ: ದ್ರಾವಣ ಕ್ಷಾರೀಯವಾಗಿದ್ದರೆ ಕಬ್ಬಿಣ ತುಕ್ಕುಬಣ್ಣದ ಗಸಿಯಾಗಿ ಕೂತುಬಿಡುತ್ತದೆ. ಮಾತ್ರೆಯಲ್ಲಿ ಸಿಟ್ರೇಟ್ ಅಥವಾ ಫಾಸ್ಫೇಟ್ ಇದ್ದರೆ ಅವೇ ಕಬ್ಬಿಣವನ್ನು ಕಟ್ಟಿಹಾಕಿ ನೇರಳೆಯನ್ನು ಮಂಕಾಗಿಸುತ್ತವೆ.

ಒಂದು ಪರೀಕ್ಷೆ, ಮೊದಲಿನಿಂದ ಕೊನೆಯವರೆಗೆ

ಎರಡು ಸೋಂಕುನಿವಾರಕಗಳಿರುವ ಕೋ-ಟ್ರೈಮಾಕ್ಸಜೋಲ್ ಮಾತ್ರೆಯನ್ನೇ ತೆಗೆದುಕೊಳ್ಳೋಣ, ಅದರಲ್ಲಿ ಮೊದಲಿನದು ಸಲ್ಫಾ ಔಷಧ: 400 ಮಿಲಿಗ್ರಾಂ ಸಲ್ಫಾಮೆಥಾಕ್ಸಜೋಲ್, 80 ಮಿಲಿಗ್ರಾಂ ಟ್ರೈಮೆಥೊಪ್ರಿಮ್. ಇಪ್ಪತ್ತು ಮಾತ್ರೆಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ. ಒಂದಕ್ಕೆ 550 ಮಿಲಿಗ್ರಾಂ ಬಂತು ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಕಲ್ಬತ್ತಿನಲ್ಲಿ ನುಣ್ಣಗೆ ಅರೆದು ಚೆನ್ನಾಗಿ ಬೆರೆಸಿ. 100 ಮಿಲಿಗ್ರಾಂ ಸಲ್ಫಾಮೆಥಾಕ್ಸಜೋಲ್ ಇರಬೇಕಾದ ಪುಡಿಯ ತೂಕ 550ನ್ನು 4ರಿಂದ ಭಾಗಿಸಿದಷ್ಟು, ಅಂದರೆ 137.5 ಮಿಲಿಗ್ರಾಂ. ಇದನ್ನು 100 ಮಿಲಿಲೀಟರ್ ವಾಲ್ಯುಮೆಟ್ರಿಕ್ ಫ್ಲಾಸ್ಕ್‌ಗೆ ಹಾಕಿ, 20 ಮಿಲಿಲೀಟರ್ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ 15 ನಿಮಿಷ ಕುಲುಕಿ. ಬರೀ ನೀರಿನಲ್ಲಿ ಸಲ್ಫಾಮೆಥಾಕ್ಸಜೋಲ್ ಸರಿಯಾಗಿ ಕರಗದು, ಕ್ಷಾರದಲ್ಲಿ ಕರಗುತ್ತದೆ. ಈ ಹೆಜ್ಜೆಯಲ್ಲಿ ಆತುರಪಟ್ಟು ಒಳ್ಳೆಯ ಮಾತ್ರೆಯನ್ನು ಫೇಲ್ ಮಾಡುವುದು ತೀರಾ ಸಾಮಾನ್ಯ. ಡಿಸ್ಟಿಲ್ಡ್ ವಾಟರ್‌ನಿಂದ ಗೆರೆವರೆಗೆ ತುಂಬಿಸಿ ಸೋಸಿ, ಮೊದಲ 10 ಮಿಲಿಲೀಟರ್ ಚೆಲ್ಲಿಬಿಡಿ. ಒಣ ಸೋಸುಕಾಗದ ಮೊದಮೊದಲು ಸ್ವಲ್ಪ ಔಷಧವನ್ನು ತಾನೇ ಹೀರಿಕೊಳ್ಳಬಹುದು.

ಸೋಸಿದ್ದರಿಂದ 1 ಮಿಲಿಲೀಟರನ್ನು 100ಕ್ಕೆ ಏರಿಸಿದರೆ ಮಿಲಿಲೀಟರಿಗೆ 10 ಮೈಕ್ರೋಗ್ರಾಂ. ಅದರ 5 ಮಿಲಿಲೀಟರನ್ನು 25 ಮಿಲಿಲೀಟರ್ ಫ್ಲಾಸ್ಕ್‌ಗೆ ಹಾಕಿ. ಪಕ್ಕದಲ್ಲಿ ಐದು ಫ್ಲಾಸ್ಕ್‌ಗಳನ್ನು ಸಾಲಾಗಿ ಇಡಿ: ಒಂದು ಬ್ಲ್ಯಾಂಕ್ (ಔಷಧವಿಲ್ಲದ್ದು), ಉಳಿದ ನಾಲ್ಕರಲ್ಲಿ ಇದೇ ರೀತಿ ತಯಾರಿಸಿದ, ಪ್ರಮಾಣ ಗೊತ್ತಿರುವ ಶುದ್ಧ ಔಷಧದ 10 ಮೈಕ್ರೋಗ್ರಾಂ ಸ್ಟ್ಯಾಂಡರ್ಡ್ ದ್ರಾವಣದ 2.5, 5, 7.5 ಮತ್ತು 10 ಮಿಲಿಲೀಟರ್. ಕೊನೆಗೆ ಇವು ಮಿಲಿಲೀಟರಿಗೆ 1, 2, 3, 4 ಮೈಕ್ರೋಗ್ರಾಂ ಆಗುತ್ತವೆ.

ಇನ್ನು ಕಾರಕಗಳ ಸರದಿ. ಪ್ರತಿ ಫ್ಲಾಸ್ಕ್‌ಗೆ 2 ಮಿಲಿಲೀಟರ್ 2 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ, ನಂತರ ಶೇ 0.1ರ ಸೋಡಿಯಂ ನೈಟ್ರೈಟ್ 1 ಮಿಲಿಲೀಟರ್. ಅಲ್ಲಾಡಿಸಿ ಮೂರು ನಿಮಿಷ ಬಿಡಿ. ಅಮೈನ್ ಈಗ ಡೈಅಜೋನಿಯಂ ಲವಣವಾಗಿದೆ, ಇನ್ನೂ ಬಣ್ಣವಿಲ್ಲ. ಶೇ 0.5ರ ಅಮೋನಿಯಂ ಸಲ್ಫಮೇಟ್ 1 ಮಿಲಿಲೀಟರ್ ಹಾಕಿ ಮತ್ತೆ ಮೂರು ನಿಮಿಷ, ಆಗಾಗ ತಿರುಗಿಸುತ್ತ. ಕೊನೆಗೆ ಎನ್-1-ನಾಫ್ಥೈಲ್ ಎಥಿಲೀನ್ ಡೈಅಮೈನ್ ಡೈಹೈಡ್ರೊಕ್ಲೋರೈಡ್‌ನ ಶೇ 0.1ರ ದ್ರಾವಣ 1 ಮಿಲಿಲೀಟರ್. ಪ್ರಯೋಗಾಲಯದಲ್ಲಿ ಯಾರೂ ಇಷ್ಟುದ್ದ ಹೆಸರು ಹೇಳುವುದಿಲ್ಲ, ಎನ್‌ಇಡಿ ಎಂದರೆ ಸಾಕು. ಅದು ಬಿದ್ದಲ್ಲಿಂದ ಗುಲಾಬಿ ಎಳೆಗಳು ಹೊಗೆಯಂತೆ ಹರಡಿ, ಕುಲುಕಿದ ಕ್ಷಣ ಇಡೀ ದ್ರಾವಣ ರಾಣಿಬಣ್ಣಕ್ಕೆ ತಿರುಗುತ್ತದೆ. ಹತ್ತು ನಿಮಿಷ ಕಾದು, ಗೆರೆವರೆಗೆ ನೀರು ತುಂಬಿಸಿ, 545 ನ್ಯಾನೊಮೀಟರ್ ಸುತ್ತಲಿನ ಹಸಿರು ಬೆಳಕನ್ನು ದ್ರಾವಣ ಎಷ್ಟು ನುಂಗುತ್ತದೆ (ಇದೇ ಹೀರಿಕೆ) ಎಂದು ಕಲರಿಮೀಟರ್‌ನಲ್ಲಿ ಓದಿ.

ನಡುವಿನ ಸಲ್ಫಮೇಟ್ ಹೆಜ್ಜೆ ಅನಾವಶ್ಯಕವೆಂದು ಹಾರಿಸುವವರಿದ್ದಾರೆ. ಹಾರಿಸಿ ನೋಡಿದರೆ ಅದರ ಬೆಲೆ ತಿಳಿಯುತ್ತದೆ: ಉಳಿದುಹೋದ ನೈಟ್ರೈಟ್ ಎನ್‌ಇಡಿಯನ್ನೇ ತಿಂದುಹಾಕಿ ಗುಲಾಬಿಯ ಜಾಗದಲ್ಲಿ ಕಂದು-ಹಳದಿ ಕೊಡುತ್ತದೆ. ಸಲ್ಫಮೇಟ್ ನೈಟ್ರೈಟನ್ನು ಕೊಲ್ಲುವಾಗ ಸಾರಜನಕದ ಗುಳ್ಳೆಗಳೇಳುತ್ತವೆ. ಅವನ್ನು ಕುಲುಕಿ ಓಡಿಸದೆ ಕ್ಯುವೆಟ್‌ಗೆ (ಬೆಳಕು ಹಾಯಿಸುವ ಪುಟ್ಟ ಗಾಜಿನ ಪಾತ್ರೆಗೆ) ಸುರಿದರೆ ಗಾಜಿಗೆ ಅಂಟಿದ ಗುಳ್ಳೆ ಬೆಳಕನ್ನು ಚದುರಿಸಿ ಓದಿಕೆಯನ್ನು ಏರಿಸುತ್ತದೆ, ಕಳಪೆ ಮಾತ್ರೆ ಪಾಸಾಗುತ್ತದೆ. ನೈಟ್ರೈಟ್ ದ್ರಾವಣ ದಿನದಿನವೂ ಹೊಸದಾಗಿರಲಿ. ಎನ್‌ಇಡಿಯನ್ನು ಕಂದು ಬಾಟಲಿಯಲ್ಲಿ, ತಂಪಿನಲ್ಲಿ ಇಡಿ. ಅದು ಕಂದುಗಟ್ಟಿದ್ದರೆ ಚೆಲ್ಲಿ. ನಲ್ಲಿ ನೀರು ಬೇಡವೇ ಬೇಡ, ಅದರ ಕ್ಲೋರಿನ್ ಬಣ್ಣವನ್ನು ಮಾಸಿಸುತ್ತದೆ. ಕೋಣೆ ಬಿಸಿಯಿದ್ದರೆ ಫ್ಲಾಸ್ಕ್‌ಗಳನ್ನು ತಣ್ಣೀರಿನ ತಟ್ಟೆಯಲ್ಲಿ ನಿಲ್ಲಿಸಿ. ಡೈಅಜೋನಿಯಂ ಲವಣ ಸೆಕೆಯನ್ನು ತಾಳದು.

ಈಗ ಲೆಕ್ಕ. ಬ್ಲ್ಯಾಂಕ್ ಕಳೆದ ಮೇಲೆ ನಾಲ್ಕು ಸ್ಟ್ಯಾಂಡರ್ಡ್‌ಗಳ ಪ್ರಮಾಣ ಮತ್ತು ಹೀರಿಕೆಯಿಂದ ಎಳೆದ ಗೆರೆಯ ಇಳಿಜಾರು ಪ್ರತಿ ಮೈಕ್ರೋಗ್ರಾಂಗೆ 0.196 ಬಂತು, ಮಾದರಿಯ ಹೀರಿಕೆ 0.352 ಎಂದಿಟ್ಟುಕೊಳ್ಳಿ. ಭಾಗಿಸಿದರೆ 1.80 ಮೈಕ್ರೋಗ್ರಾಂ. ಇರಬೇಕಾದದ್ದು 2. ಅಂದರೆ ಶೇ 90. ಫಾರ್ಮಕೋಪಿಯಗಳು (ಔಷಧ ಗುಣಮಟ್ಟದ ಅಧಿಕೃತ ಗ್ರಂಥಗಳು) ಎಷ್ಟೋ ಮಾತ್ರೆಗಳಿಗೆ ಶೇ 90ರಿಂದ 110, ಕೆಲವಕ್ಕೆ 95ರಿಂದ 105 ಎಂದು ಮಿತಿ ಹಾಕಿವೆ. ಪಿಪೆಟ್, ತಕ್ಕಡಿ, ದೀಪ ಎಲ್ಲದರ ತಪ್ಪು ಸೇರಿ ನಿಮ್ಮ ಓದಿಕೆ ಆಚೀಚೆ ಶೇ 5 ಅಲುಗುವುದಾದರೆ, ಈ ಮಾತ್ರೆ ಪಾಸೂ ಅಲ್ಲ, ಫೇಲೂ ಅಲ್ಲ. ಇದು ಎಚ್‌ಪಿಎಲ್‌ಸಿಗೆ ಹೋಗಬೇಕಾದ ಮಾದರಿ, ಅಷ್ಟೆ. ಶೇ 40 ಬಂದಿದ್ದರೆ ಮಾತೇ ಬೇರೆ, ಆಗ ಅಗ್ಗದ ಉಪಕರಣದ ಮಾತನ್ನೂ ಧೈರ್ಯವಾಗಿ ನಂಬಬಹುದು.

ಇಷ್ಟೆಲ್ಲ ಮಾಡಿಯೂ 80 ಮಿಲಿಗ್ರಾಂ ಟ್ರೈಮೆಥೊಪ್ರಿಮ್ ಬಗ್ಗೆ ಒಂದಕ್ಷರವೂ ತಿಳಿಯಲಿಲ್ಲ ಎಂಬುದನ್ನು ವರದಿಯಲ್ಲಿ ಬರೆಯಲೇಬೇಕು. ಜೋಡಿ ಔಷಧಗಳಲ್ಲಿ ಇದು ಯಾವಾಗಲೂ ಇರುವ ತೊಡಕು. ಕ್ಷಯದ ಜೋಡಿ ಮಾತ್ರೆಗಳಲ್ಲಂತೂ ರಿಫಾಂಪಿಸಿನ್ ಹುಟ್ಟಾ ಕೆಂಪು. ಐಸೋನಿಯಾಜಿಡ್‌ನ ಹಳದಿಯನ್ನು ಅದರ ನಡುವೆ ಅಳೆಯಬೇಕೆಂದರೆ ಮೊದಲು ಎರಡನ್ನೂ ಬೇರ್ಪಡಿಸಬೇಕು, ಇಲ್ಲವೇ ಕಾರಕ ಹಾಕದ ಅದೇ ಮಾದರಿಯನ್ನು ಬ್ಲ್ಯಾಂಕ್ ಆಗಿ ಇಟ್ಟು ಕಳೆಯಬೇಕು.

ತಕ್ಕಡಿ, ದೀಪ, ಫೋನ್

1 ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿಯಲ್ಲಿ 137.5 ಮಿಲಿಗ್ರಾಂ ತೂಗಿದರೆ ತಪ್ಪು ಶೇ 1ಕ್ಕಿಂತ ಕಡಿಮೆ. ತಕ್ಕಡಿ 10 ಮಿಲಿಗ್ರಾಂ ಅಂತರದಲ್ಲಷ್ಟೇ ತೋರಿಸುವುದಾದರೆ ಅದೇ ತಪ್ಪು ಶೇ 7ರವರೆಗೆ ಹೋಗುತ್ತದೆ, ಮುಂದಿನ ಎಲ್ಲ ಜಾಗ್ರತೆಯೂ ನೀರಿನಲ್ಲಿ ಹೋಮ. ಹೊಸ ತಕ್ಕಡಿ ಕೊಳ್ಳಲಾಗದಿದ್ದರೆ ಎಲ್ಲವನ್ನೂ ಹತ್ತು ಪಟ್ಟು ಮಾಡಿ: 1.375 ಗ್ರಾಂ ಪುಡಿ, 200 ಮಿಲಿಲೀಟರ್ ಕ್ಷಾರ, ಒಂದು ಲೀಟರ್ ಫ್ಲಾಸ್ಕ್. ನೀರು ಹೆಚ್ಚು ಖರ್ಚಾಗುತ್ತದೆ, ನಿಖರತೆ ಉಳಿಯುತ್ತದೆ.

ಕಲರಿಮೀಟರ್ ಎಂದರೆ ಅಸಲಿಗೆ ಒಂದು ಕಪ್ಪು ಡಬ್ಬಿ. ಒಂದು ಬದಿ ಹಸಿರು ಎಲ್‌ಇಡಿ, ನಡುವೆ 1 ಸೆಂಟಿಮೀಟರ್ ಕ್ಯುವೆಟ್, ಎದುರಿಗೆ ಫೋಟೊಡಯೋಡ್. 5 ವೋಲ್ಟ್‌ಗೆ 220 ಓಮ್ ರೆಸಿಸ್ಟರ್ ಸಾಕು. ಗುಲಾಬಿ ದ್ರಾವಣ ನುಂಗುವುದು ಹಸಿರು ಬೆಳಕನ್ನು, ಅದಕ್ಕೇ ಹಸಿರು ದೀಪ. ಹಳದಿ ದ್ರಾವಣಕ್ಕೆ ನೀಲಿ ದೀಪ ಬೇಕು. ಸಾಮಾನ್ಯ ಹಸಿರು ಎಲ್‌ಇಡಿಯ ಶಿಖರ 525 ನ್ಯಾನೊಮೀಟರ್ ಆಸುಪಾಸು, ಬಣ್ಣದ ಶಿಖರ 545. ಈ ವ್ಯತ್ಯಾಸದಿಂದ ಸೂಕ್ಷ್ಮತೆ ಕಡಿಮೆಯಾಗುತ್ತದೆ, ಆದರೆ ಪ್ರತಿ ಸಲ ಅದೇ ದೀಪದಲ್ಲಿ ಸ್ಟ್ಯಾಂಡರ್ಡ್ ಓದುವುದರಿಂದ ಲೆಕ್ಕ ಕೆಡುವುದಿಲ್ಲ. ಪುಸ್ತಕದ ಗುಣಾಂಕವನ್ನು ಎರವಲು ತಂದರೆ ಮಾತ್ರ ಕೆಡುತ್ತದೆ. ದೀಪ ಹೊತ್ತಿಸಿ ಹತ್ತು ನಿಮಿಷ ಬಿಡಿ, ಎಲ್‌ಇಡಿ ಬಿಸಿಯಾಗುತ್ತಿದ್ದಂತೆ ಪ್ರಕಾಶ ಜಾರುತ್ತದೆ.

ಡಬ್ಬಿಯ ನಿಜವಾದ ಶತ್ರು ಸಂದಿಯಿಂದ ನುಸುಳುವ ಬೆಳಕು. ಶೇ 2ರಷ್ಟು ಅಡ್ಡಬೆಳಕು ಡಯೋಡ್ ಮೇಲೆ ಬಿದ್ದರೆ 0.40 ಇರಬೇಕಾದ ಹೀರಿಕೆ 0.39 ಎಂದು ಕಾಣುತ್ತದೆ, ಸಹಿಸಬಹುದು. 1.0 ಇರಬೇಕಾದ್ದು 0.93 ಆಗುತ್ತದೆ. 2.0 ಇರಬೇಕಾದ್ದು ಸುಮಾರು 1.5ಕ್ಕೆ ಕುಸಿಯುತ್ತದೆ. ಅಗ್ಗದ ಉಪಕರಣದಲ್ಲಿ 0.2ರಿಂದ 0.8ರೊಳಗೆ ಓದಿ ಎಂದು ಹಿರಿಯರು ಹೇಳುವುದು ಇದಕ್ಕೇ. ಅದಕ್ಕಿಂತ ಗಾಢವಾಗಿದ್ದರೆ ಬಣ್ಣದ ದ್ರಾವಣಕ್ಕೆ ನೀರು ಹಾಕಿ ತೆಳು ಮಾಡುವ ಬದಲು ಮೂಲ ದ್ರಾವಣವನ್ನು ಕಡಿಮೆ ತೆಗೆದುಕೊಂಡು ಮತ್ತೆ ಬಣ್ಣ ಬರಿಸಿ. ಕಾರಕ ಸಾಲದೆ ಬಣ್ಣ ಅರ್ಧಕ್ಕೇ ನಿಂತಿರುವ ಸಂಭವವೂ ಇರುತ್ತದೆ.

ಫೋನ್ ಕ್ಯಾಮೆರಾ ಬಳಸುವವರು ಒಂದು ವಿಷಯದಲ್ಲಿ ಪದೇ ಪದೇ ಎಡವುತ್ತಾರೆ. ಚಿತ್ರದಲ್ಲಿ ಹಸಿರು ಚಾನೆಲ್‌ನ ಬೆಲೆ ಬ್ಲ್ಯಾಂಕ್‌ಗೆ 200, ಮಾದರಿಗೆ 100 ಬಂದರೆ ಅರ್ಧ ಬೆಳಕು ಹೀರಿತು, ಲಾಗರಿದಮ್ ಲೆಕ್ಕದಲ್ಲಿ ಹೀರಿಕೆ 0.30 ಎಂದು ಬರೆದುಬಿಡುತ್ತಾರೆ. ಫೋನ್ ಕೊಡುವ ಸಂಖ್ಯೆ ಬೆಳಕಿಗೆ ನೇರ ಅನುಪಾತದಲ್ಲಿರುವುದಿಲ್ಲ, ಕಣ್ಣಿಗೆ ಹಿತವಾಗುವಂತೆ ಸುಮಾರು 2.2 ಗಾಮಾ ಹಾಕಿ ಬಾಗಿಸಿರುತ್ತದೆ. ಬಾಗು ಬಿಡಿಸಿದರೆ ನಿಜವಾದ ಹೀರಿಕೆ 0.66ರ ಹತ್ತಿರ. ಇದರ ಮೇಲೆ ತಾನಾಗಿ ಬದಲಾಗುವ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್ ಬೇರೆ. ಗುಲಾಬಿ ಹೆಚ್ಚಾದಷ್ಟೂ ಕ್ಯಾಮೆರಾ ಅದನ್ನು ಸರಿಪಡಿಸಲು ಹಸಿರನ್ನು ಎತ್ತುತ್ತದೆ! ಎರಡನ್ನೂ ಲಾಕ್ ಮಾಡಿ, ಬ್ಲ್ಯಾಂಕ್, ನಾಲ್ಕೂ ಸ್ಟ್ಯಾಂಡರ್ಡ್, ಮಾದರಿ ಎಲ್ಲವನ್ನೂ ಬಿಳಿ ಹಿನ್ನೆಲೆಯ ಮುಂದೆ ಒಂದೇ ಚಿತ್ರದಲ್ಲಿ ಹಿಡಿಯಿರಿ.

ಕಾಗದದ ಪಟ್ಟಿಗಳು ಇನ್ನೂ ಸರಳ. ಅಮೆರಿಕದ ನೊಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಕಾರ್ಡ್‌ನಲ್ಲಿ ಮೇಣದ ಗೆರೆಗಳಿಂದ ಬೇರ್ಪಟ್ಟ ಹನ್ನೆರಡು ಓಣಿಗಳಿವೆ, ಪ್ರತಿಯೊಂದರಲ್ಲಿ ಬೇರೆ ಬೇರೆ ಒಣ ಕಾರಕ. ಪುಡಿಯನ್ನು ಅಡ್ಡಕ್ಕೆ ಉಜ್ಜಿ, ಕೆಳತುದಿಯನ್ನು ನೀರಿನಲ್ಲಿ ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಹನ್ನೆರಡು ಬಣ್ಣಗಳ ಸಾಲು ಮೂಡುತ್ತದೆ. ಒಂದು ಗುಂಪನ್ನು ನೋಡುವ ಪರೀಕ್ಷೆಯ ದೌರ್ಬಲ್ಯವನ್ನು ಹನ್ನೆರಡು ಪ್ರಶ್ನೆ ಕೇಳಿ ತುಂಬಿಕೊಳ್ಳುವ ಉಪಾಯ ಇದು. ಪಿಷ್ಟವನ್ನು ಹಿಡಿಯುವ ಅಯೋಡಿನ್ ಓಣಿಯೂ ಇಂಥ ಕಾರ್ಡ್‌ನಲ್ಲಿರುತ್ತದೆ. ಅಸಲಿ ಬ್ರ್ಯಾಂಡಿನಲ್ಲಿ ಪಿಷ್ಟವಿಲ್ಲದಿದ್ದು ಕೈಗೆ ಬಂದ ಮಾತ್ರೆ ಕಡುನೀಲಿಯಾದರೆ ಒಳಗೆ ಏನೋ ಬದಲಾಗಿದೆ ಎಂದರ್ಥ. ಪ್ರಮಾಣ ಮಾತ್ರ ಇದರಿಂದ ಸಿಗದು. ಅರ್ಧ ಔಷಧವಿರುವ ಮಾತ್ರೆಯೂ ಹೆಚ್ಚುಕಡಿಮೆ ಅದೇ ಸಾಲನ್ನು ತೋರಿಸಬಹುದು.

ಮೋಸಗಾರನೂ ಓದಿಕೊಂಡಿರುತ್ತಾನೆ

ಆಗ್ನೇಯ ಏಷ್ಯಾದಲ್ಲಿ ಮಲೇರಿಯಾದ ಆರ್ಟಿಸುನೇಟ್ ನಕಲಿಗಳು ಹರಡಿದಾಗ ಫಾಸ್ಟ್ ರೆಡ್ ಟಿಆರ್ ಎಂಬ ಬಣ್ಣದ ಲವಣದ ಪರೀಕ್ಷೆ ಬಳಕೆಗೆ ಬಂತು. ಮಾತ್ರೆಯ ಶೇ 1ರಷ್ಟು ಪುಡಿ ಕೆರೆದು ಕ್ಷಾರದಲ್ಲಿ ಒಡೆಸಿ, ಅಸಿಟಿಕ್ ಆಮ್ಲದಿಂದ ಪಿಎಚ್ ಸುಮಾರು 4ಕ್ಕೆ ತಂದು ಲವಣ ಸೇರಿಸಿದರೆ ಅಸಲಿಗೆ ಹಳದಿ, ನಕಲಿಗೆ ಏನೂ ಇಲ್ಲ. ಮೊದಮೊದಲು ಅದ್ಭುತವಾಗಿ ಕೆಲಸ ಮಾಡಿತು. ಆಮೇಲೆ ಸಿಕ್ಕ ಕೆಲವು ನಕಲಿಗಳಲ್ಲಿ 50 ಮಿಲಿಗ್ರಾಂ ಇರಬೇಕಾದಲ್ಲಿ ಕೆಲವೇ ಮಿಲಿಗ್ರಾಂ ಆರ್ಟಿಸುನೇಟ್ ಇತ್ತು: ರೋಗ ವಾಸಿಯಾಗಲು ಸಾಲದು, ಹೌದು-ಅಲ್ಲ ಎಂದಷ್ಟೇ ಕೇಳುವ ಪರೀಕ್ಷೆಯಲ್ಲಿ ಹಳದಿ ತೋರಿಸಲು ಸಾಕು. ಅಷ್ಟು ಕಡಿಮೆ ಔಷಧ ಪರಾವಲಂಬಿಗೆ ನಿರೋಧಕತೆ ಕಲಿಸುವ ಪಾಠಶಾಲೆಯೂ ಹೌದು. ಸ್ಟ್ಯಾಂಡರ್ಡ್ ಪಕ್ಕದಲ್ಲಿಟ್ಟು ಅಳೆದಿದ್ದರೆ ಇದೇ ಬಣ್ಣ ಅವನ್ನೂ ಹಿಡಿಯುತ್ತಿತ್ತು.

ಹಾಗಾಗಿ ಬಣ್ಣ ಬಾರದಿರುವುದಕ್ಕೆ ಬಣ್ಣ ಬಂದುದಕ್ಕಿಂತ ತೂಕ ಹೆಚ್ಚು, ಕಾರಕ ಜೀವಂತವಿದೆ ಎಂದು ಖಾತ್ರಿಯಿದ್ದರೆ. ಆ ಖಾತ್ರಿಗೆ ಪ್ರತಿ ಸರದಿಯಲ್ಲಿ ಒಂದು ಅಸಲಿ ಮಾತ್ರೆ ಪಕ್ಕದಲ್ಲಿರಲಿ. ಇನ್ನೊಂದು ಜಾಗ್ರತೆ: ಮಾದರಿಗೆ ಗೊತ್ತಿರುವಷ್ಟು ಸ್ಟ್ಯಾಂಡರ್ಡ್ ಬೆರೆಸಿ ಮತ್ತೆ ಓದಿ. ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಸೇರಿಸಿದಾಗ 0.8 ಮಾತ್ರ ಏರಿದರೆ ಮಾತ್ರೆಯ ತುಂಬುವಸ್ತುಗಳು ಬಣ್ಣವನ್ನು ತಡೆಯುತ್ತಿವೆ, ಹಾಗಿದ್ದಾಗ ಮೊದಲಿನ ಓದಿಕೆಯೂ ನಂಬಿಕೆಗೆ ಅರ್ಹವಲ್ಲ. ಸ್ಟ್ಯಾಂಡರ್ಡ್ ಪುಡಿಯೇ ತೇವ ಹೀರಿದ್ದರೆ ಕತೆ ತಲೆಕೆಳಗು: ಸ್ಟ್ಯಾಂಡರ್ಡ್ ದುರ್ಬಲವಾದಷ್ಟು ಮಾತ್ರೆಗಳು ಬಲವಾಗಿ ಕಾಣುತ್ತವೆ. ಎಲ್ಲ ಬ್ಯಾಚ್‌ಗಳೂ ಶೇ 108, 110 ಎಂದು ಬರತೊಡಗಿದರೆ ಮೊದಲು ಅನುಮಾನಿಸಬೇಕಾದ್ದು ಆ ಸೀಸೆಯನ್ನು.

ಮಾತ್ರೆ ಕರಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅರೆದು ಪುಡಿ ಮಾಡಿ ಕ್ಷಾರದಲ್ಲಿ ಕುಲುಕಿದಾಗ ಕಲ್ಲಿನಂಥ ಮಾತ್ರೆಯೂ ಪೂರ್ತಿ ಅಂಕ ಪಡೆಯುತ್ತದೆ, ಹೊಟ್ಟೆಯಲ್ಲಿ ಅದು ಹಾಗೆಯೇ ಸಾಗಿಹೋಗಬಹುದು. ಕನಿಷ್ಠ 37 ಡಿಗ್ರಿ ನೀರಿನಲ್ಲಿ ಇಡೀ ಮಾತ್ರೆ ಎಷ್ಟು ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ ಎಂದಾದರೂ ನೋಡಿ. ಲೇಪನವಿಲ್ಲದ ಸಾಮಾನ್ಯ ಮಾತ್ರೆ ಅರ್ಧ ಗಂಟೆಯಾದರೂ ಗಟ್ಟಿಯಾಗಿ ಕೂತಿದ್ದರೆ ಔಷಧಾಂಶ ಸರಿಯಿದ್ದೂ ಪ್ರಯೋಜನವಿಲ್ಲ.

ಸಿರಪ್‌ಗಳ ವಿಷಯದಲ್ಲಂತೂ ಔಷಧಾಂಶದ ಬಣ್ಣ ನೋಡಿ ಸುಮ್ಮನಾಗುವಂತಿಲ್ಲ. ಡೈಎಥಿಲೀನ್ ಗ್ಲೈಕಾಲ್‌ಗೆ ಒಪ್ಪಿತ ಮಿತಿ ಶೇ 0.1. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಕ್ಕರೆಗಳ ರಾಶಿಯ ನಡುವೆ ಅಷ್ಟು ಸಣ್ಣ ಪ್ರಮಾಣವನ್ನು ಆಲ್ಕೊಹಾಲ್ ಗುಂಪು ನೋಡುವ ಬಣ್ಣ ಬೇರ್ಪಡಿಸಲಾರದು, ಅವೆಲ್ಲಕ್ಕೂ ಅದೇ ಗುಂಪಿದೆ. ಮೊದಲು ತೆಳುಪದರ ಕ್ರೊಮ್ಯಾಟೊಗ್ರಫಿ ಫಲಕದ ಮೇಲೆ ಅವನ್ನು ದೂರ ದೂರ ಓಡಿಸಿ, ಆಮೇಲೆ ಬಣ್ಣ ಸಿಂಪಡಿಸಬೇಕು. ಫಲಕದಲ್ಲಿ ಅನುಮಾನದ ಚುಕ್ಕೆ ಕಂಡರೆ ಬಾಟಲಿಯನ್ನು ಮುಚ್ಚಿ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ, ಪರೀಕ್ಷಿಸಿದ ವಿಧಾನ, ಪರೀಕ್ಷಿಸದೇ ಬಿಟ್ಟದ್ದು ಎಲ್ಲವನ್ನೂ ಬರೆದು, ತೆರೆಯದ ಇನ್ನೊಂದು ಬಾಟಲಿಯ ಜತೆ ಗ್ಯಾಸ್ ಕ್ರೊಮ್ಯಾಟೊಗ್ರಫಿಗೆ ಕಳಿಸಿ. ತೆರೆದ ಬಾಟಲಿ ಒಂದನ್ನೇ ಕಳಿಸಿದರೆ ಒಳಗಿದ್ದುದು ಕಾರ್ಖಾನೆಯಿಂದಲೇ ಬಂತೋ, ನಿಮ್ಮ ಪಿಪೆಟ್‌ನಿಂದ ಬಿತ್ತೋ ಎಂಬ ತಕರಾರಿಗೆ ಉತ್ತರವಿರುವುದಿಲ್ಲ.